ಬೈಂಡಿಂಗಿಗೆ ಹೋದ ಪುಸ್ತಕ

ಮಹಾಮಾಯಾ ಬೀದರಿಗೆ ಹೋಗಿ ಬಂದಾಗಿನಿಂದ ಅವಳ ಬಾಯಲ್ಲಿ ಒಂದೇ ಮಾತು, ಬೀದರದ ಸರ್. ಬೀದರದ ಸರ್ ಹೀಗಂದರು, ಬೀದರದ ಸರ್ ಹಾಗೆ ತೋರಿಸಿದರು. ಭಾಲ್ಕಿಯ ಸಾಲೆಯ ಲೈಬ್ರರಿಯಲ್ಲಿ ಕೂತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ ಮುನವ್ವರ ಬೇಗಂಗೆ ಮೊದಲ ದಿನ ನಗು ಬಂತು, ಮರುದಿನ ಬೇಸರ ಬಂತು. ಆಮೇಲಾಮೇಲೆ ಮೆಣಸಿನಕಾಯಿ ಹೆಚ್ಚಿದ ಕೈಯಲ್ಲಿ ಕಣ್ಣೊರೆಸಿಕೊಂಡ ಹಾಗೆ ಆಗತೊಡಗಿತು.

"ಅಲ್ಲಿ ಕಪಾಟಿಗಿ ಬಾಗಿಲಾನೇ ಇಲ್ಲರಿ ಮೇಡಂ," ಎಂದಳು ಹುಡುಗಿ.

"ಬಾಗಿಲಾ ಇಲ್ಲಂದ್ರ ಇಲಿ ಹೊಕ್ಕಿರ್ತಾವ."

"ಸರ್ ನಮ್ಮ ಕೂಡ ನೆಲದ ಮ್ಯಾಲೇ ಕೂಡ್ತಾರ್ರಿ."

"ಕುರ್ಚಿ ಮುರ್ದಿರಬೇಕು."

ಹುಡುಗಿ ಕಿಸಕ್ಕನೆ ನಕ್ಕಳು. ಮೇಡಂ ತಮಾಷೆ ಮಾಡುತ್ತಿದ್ದಾರೆ ಎಂದೇ ಅವಳು ತಿಳಿದಿದ್ದಳು.

ಒಂದೇ ಸಂಸ್ಥೆಗೆ ಸೇರಿದ ಸಾಲೆಗಳು ಎರಡು. ಭಾಲ್ಕಿಯದು ಹಳೆಯದು, ಬೀದರಿನದು ಈಚಿನದು. ಮುನವ್ವರ ಬೇಗಂ ಭಾಲ್ಕಿಗೆ ಲೈಬ್ರರಿಯನ್ ಆಗಿ ಬಂದಾಗ ಲೈಬ್ರರಿ ಅಂದರೆ ಹೆಡ್‌ಮಾಸ್ತರರ ಕುರ್ಚಿಯ ಹಿಂದಿನ ಒಂದು ಕಪಾಟು, ಅದರ ಮೇಲೊಂದು ಗ್ಲೋಬು, ಅಷ್ಟೇ. ಜಗಳಾಡಿ ಒಂದು ಕೋಣೆ ಪಡೆದು, ಮತ್ತೆ ಜಗಳಾಡಿ ಪ್ರತಿ ವರ್ಗಕ್ಕೂ ವಾರದಲ್ಲೊಂದು ಲೈಬ್ರರಿ ಪಿರಿಯಡ್ ಹಾಕಿಸಿದವಳು ಆಕೆ. ಈ ಬೀದರದ ಸರ್, ಸುಶೀಲಕುಮಾರ ಎಂಬ ಮಂಗಲಪೇಟೆಯ ಹುಡುಗ, ಬೀದರಿನ ಸಾಲೆಗೆ ಲೈಬ್ರರಿಯನ್ ಆಗಿ ಸೇರಿ ವರ್ಷವಾಗಿತ್ತೋ ಇಲ್ಲವೋ.

ಮಹಾಮಾಯಾ ಔರಾದ ಕಡೆಯ ಹಳ್ಳಿಯವಳು, ಕಾಶೀರಾಮ ಎಂಬ ರೈತನ ಮಗಳು. ಆರನೇ ವರ್ಗಕ್ಕೆ ಭಾಲ್ಕಿಯ ಹಾಸ್ಟೆಲ್ ಸೇರಿದಾಗ ಅವಳ ಮನೆಮಾತು ಮರಾಠಿ. ಕನ್ನಡ ಓದು ಎಂದರೆ ಅಕ್ಕಿಯಲ್ಲಿ ಹರಳು ಆರಿಸಿದಂತೆ ಒಂದೊಂದೇ ಅಕ್ಷರ ಆರಿಸುತ್ತಿದ್ದಳು. ವರ್ಗದ ಮಕ್ಕಳು ನಗುತ್ತಿದ್ದರು. ಮುನವ್ವರ ಅವಳಿಗೆ ಪಾಠ ಹೇಳಲಿಲ್ಲ. ಚಿತ್ರದ ಪುಸ್ತಕ ಕೊಟ್ಟು, "ಏನ್ ನಡದದ, ನಿಮ್ಮ ಮನ್ಯಾಗಿನ ಮಾತಿನಾಗೇ ಹೇಳು" ಎಂದಳು. ಹುಡುಗಿ ಮರಾಠಿಯಲ್ಲಿ ಹೇಳಿದ್ದನ್ನು ತಾನು ಕನ್ನಡದಲ್ಲಿ ತಿರುಗಿ ಹೇಳಿ, ಆಮೇಲೆ ಅದೇ ಪುಟ ಓದಿಸಿದಳು. ಮುನವ್ವರಳ ಮನೆಮಾತು ದಖನಿ. ಕನ್ನಡ ಅವಳಿಗೂ ಸಾಲೆಗೆ ಬಂದ ಮೇಲೆ ಬಂದದ್ದೇ. ಕಾಲು ಜಾರುವ ಜಾಗ ಯಾವುದೆಂದು ಗೊತ್ತಿತ್ತು. ಈಗ ಮಹಾಮಾಯಾ ಒಂಬತ್ತನೇ ವರ್ಗ. ಅವಳು ಕೇಳುವ ಪ್ರಶ್ನೆಗೆ ವಿಜ್ಞಾನದ ಮಾಸ್ತರರು ತಲೆ ಕೆರೆದುಕೊಂಡು, "ನಿಮ್ಮ ಹುಡುಗಿ ಬಂದಿತ್ತು ನೋಡ್ರಿ ಮೇಡಂ" ಎಂದು ಸ್ಟಾಫ್‌ರೂಮಿನಲ್ಲಿ ದೂರುತ್ತಿದ್ದರು. ಆ 'ನಿಮ್ಮ ಹುಡುಗಿ' ಎಂಬ ಮಾತು ಕೇಳಿದ ದಿನ ಮುನವ್ವರಳಿಗೆ ಮಧ್ಯಾಹ್ನದ ಡಬ್ಬಿ ತೆರೆಯುವ ಮೊದಲೇ ಹೊಟ್ಟೆ ತುಂಬಿರುತ್ತಿತ್ತು.

ಈ ಸಲ ಅವಳ ಪ್ರಶ್ನೆ ಚಿಗರಿಯದು, ಹೊಲದ ಜಿಂಕೆಯದು. ಬೀದರಿನಲ್ಲಿ ಮಕ್ಕಳ ವಿಜ್ಞಾನ ಮೇಳವಿತ್ತು. ತಮ್ಮೂರಿನದೇ ಒಂದು ಪ್ರಶ್ನೆ ಹಿಡಿದು, ನೋಡಿ, ಓದಿ, ಎಲ್ಲರೆದುರು ಹೇಳಬೇಕು. ಅವರ ಹಳ್ಳಿಯ ಹಿರಿಯರು ಚಿಗರಿ ನೀರು ಕುಡಿಯುವುದಿಲ್ಲ ಎನ್ನುತ್ತಿದ್ದರು. ಹೆಸರುಕಾಳಿನ ಹೊಲಕ್ಕೆ ಹಿಂಡುಹಿಂಡಾಗಿ ಬಂದು ಕುಡಿ ಚಿವುಟಿ ಓಡುವ ಚಿಗರಿಯನ್ನು ಕಾಶೀರಾಮ ಹಳ್ಳದ ದಂಡೆಯಲ್ಲಿ ಒಮ್ಮೆಯೂ ಕಂಡಿರಲಿಲ್ಲ. ಹಾಗಾದರೆ ಅದು ಬದುಕುವುದು ಹೇಗೆ? ಈ ಪ್ರಶ್ನೆ ಮುನವ್ವರಳ ಮೇಜಿನ ಎದುರೇ ಹುಟ್ಟಿತ್ತು. ಆದರೆ ಮೇಳಕ್ಕೆ ಆಯ್ಕೆಯಾದ ಮಕ್ಕಳನ್ನು ತರಬೇತಿಗೆಂದು ಒಂದು ದಿನ ಬೀದರಿನ ಸಾಲೆಗೆ ಕರೆದೊಯ್ದರು. ಅಲ್ಲಿಂದ ಶುರುವಾಯಿತು ಈ ಬೀದರದ ಸರ್ ಪುರಾಣ.

"ಮೇಡಂ, ಚಿಗರಿದು ಬುಕ್ಕು ಅದ ಅಂತ್ರಿ ಅವರ ಹತ್ರ," ಎಂದಳು ಮಹಾಮಾಯಾ ಒಂದು ಮಧ್ಯಾಹ್ನ. "ಹುಲ್ಲು ಮೇಯೋ ಪ್ರಾಣಿಗೋಳು ಎಲ್ಲಾ ಅದ್ರಾಗ ಅವಂತ. ನಿಮ್ಮ ಮೇಡಂಗ ಒಂದು ಚೀಟಿ ಬರದು ಕಳಸ್ಲಿಕ್ಕ ಹೇಳು, ಬಸ್ಸಿನಾಗ ಕಳಸ್ತೀನಿ ಅಂದ್ರು. ಇಲ್ಲಂದ್ರ ಶನಿವಾರ ನೀನೇ ಬಾ ಅಂದ್ರು."

ಚೀಟಿಯ ಪದ್ಧತಿ ಮುನವ್ವರಳೇ ಹಾಕಿದ್ದು. ಒಂದು ಸಾಲೆಯಲ್ಲಿ ಇಲ್ಲದ ಪುಸ್ತಕಕ್ಕೆ ಇನ್ನೊಂದು ಸಾಲೆಗೆ ಚೀಟಿ ಬರೆಯುವುದು. ಇಷ್ಟು ವರ್ಷವೂ ಚೀಟಿ ಬಂದದ್ದು ಬೀದರಿನಿಂದ ಭಾಲ್ಕಿಗೆ. ಭಾಲ್ಕಿಯಿಂದ ಬೀದರಿಗೆ ಒಂದೂ ಹೋಗಿರಲಿಲ್ಲ.

"ಆ ಬುಕ್ಕಾ? ಅದು ನಮ್ಮಲ್ಲೂ ಅದ," ಎಂದುಬಿಟ್ಟಳು.

ಮಹಾಮಾಯಾಳ ಕಣ್ಣು ಕಪಾಟಿನ ಕಡೆ ಹೊರಳಿತು. ಆ ಕೋಣೆಯಲ್ಲಿ ಅವಳಿಗೆ ಗೊತ್ತಿಲ್ಲದ ಪುಸ್ತಕ ಕಡಿಮೆ. "ಎಲ್ಲಿ ಅದರಿ? ನಾ ನೋಡೇ ಇಲ್ಲ."

"ಬೈಂಡಿಂಗಿಗಿ ಹೋಗ್ಯಾದ."

ಲೈಬ್ರರಿಯವರ ನಾಲಿಗೆಯ ತುದಿಯಲ್ಲಿ ಈ ಮಾತು ಯಾವಾಗಲೂ ಸಿದ್ಧವಿರುತ್ತದೆ. ತಪಾಸಣೆಗೆ ಬಂದ ಸಾಹೇಬರು ಕಾಣದ ಪುಸ್ತಕ ಕೇಳಿದರೆ ಹೇಳಲಿಕ್ಕೆ ಅದು ಇರುವುದು. ಮಕ್ಕಳಿಗೆ ಮುನವ್ವರ ಅದನ್ನು ಎಂದೂ ಹೇಳಿರಲಿಲ್ಲ.

"ಹಂಗಾದ್ರ ನಾ ಬೀದರಕ್ಕ ಹೋಗೋದೇ ಬ್ಯಾಡ," ಎಂದು ಹುಡುಗಿ ಹಗುರಾಗಿ ಹೋದಳು. ಆ ಮಾತು ಮುನವ್ವರಳ ಎದೆಗೆ ತಣ್ಣೀರು ಹೊಯ್ದಷ್ಟು ಹಿತವಾಯಿತು. ಸುಳ್ಳು ಹೇಳಿದ್ದು ನೆನಪಾದದ್ದು ಆಮೇಲೆ.

ಒಂದನ್ನು ಮಾತ್ರ ಅವಳು ಯೋಚಿಸಿರಲಿಲ್ಲ. ಸಾಲೆಯ ಪುಸ್ತಕಗಳಿಗೆಲ್ಲ ರಟ್ಟು ಕಟ್ಟುವವನು ಅವಳ ಗಂಡ ನಬೀಸಾಬನೇ. ಭಾಲ್ಕಿ ಬಸ್‌ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಅವನ ಬೈಂಡಿಂಗ್ ದುಕಾನು. ಅದು ಸಾಲೆಯ ಮಕ್ಕಳಿಗೆಲ್ಲ ಗೊತ್ತಿತ್ತು.

ಮನೆಯಲ್ಲಿ ಗಂಡಹೆಂಡಿರದು ದಖನಿ ಮಾತು. ಕುಟುಕಬೇಕು ಅನ್ನಿಸಿದಾಗ ಮಾತ್ರ ನಬೀಸಾಬ ಕನ್ನಡಕ್ಕೆ ಬರುತ್ತಿದ್ದ. ಆ ಸಂಜೆ ಊಟಕ್ಕೆ ಕೂತವನು ಕನ್ನಡದಲ್ಲೇ ಶುರುಮಾಡಿದ.

"ಇವತ್ತ ದುಕಾನಕ್ಕ ಒಂದು ಗಿರಾಕಿ ಬಂದಿತ್ತು. ಎರಡು ಜಡಿ, ಕೈಯಾಗ ಸೀತಾಫಲ. ಚಿಗರಿ ಬುಕ್ಕು ಆಯ್ತೇನ್ರಿ ಚಾಚಾ ಅಂತು."

ಮುನವ್ವರ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟಳು. "ನೀವೇನಂದ್ರಿ?"

"ಏನನ್ಲಿ? ನಿನ್ನ ಮಾರಿ ಕಣ್ಣ ಮುಂದ ಬಂತು. ರಟ್ಟು ಹಚ್ಚೀನಿ ಬೇಟಾ, ಮಳಿಗಾಲ ಅಲ್ಲಾ, ಗೋಂದು ಒಣಗವಲ್ದು ಅಂದೆ. ಪಾಪ, ಜಲ್ದಿ ಒಣಗಲಿ ಅಂತ ಹೋಗೋ ಮುಂದ ಫ್ಯಾನಿನ ಬಟನ್ ತಾನೇ ಹಾಕಿ ಹೋಯ್ತು." ನಬೀಸಾಬ ರೊಟ್ಟಿ ಮುರಿದ. "ಈಗ ನೀ ಹೇಳು. ನನ್ನ ದುಕಾನದಾಗ ಇಲ್ಲದ ಬುಕ್ಕಿಗಿ ನಾ ಎಷ್ಟು ದಿನಾ ಗಾಳಿ ಹಾಕ್ಲಿ?"

"ತರಸ್ತೀನಿ ನಾನು. ಎಲ್ಲಿಂದರ ತರಸ್ತೀನಿ."

"ಬೀದರದ ಹುಡುಗನ ಹತ್ರ ಅದ ಅಂತಲ್ಲಾ? ಅದೂ ಹೇಳ್ತು."

"ಅವನ ಹೆಸರು ತಗೀಬ್ಯಾಡ್ರಿ!" ಮುನವ್ವರಳ ದನಿ ಏರಿತು. "ಅಕ್ಷರ ಅಕ್ಷರ ಹಿಡ್ದು ಓದಿಸ್ದಾಕಿ ನಾನು. ಮೊನ್ನಿ ಬಂದ ಹುಡುಗ ಒಂದು ದಿನ ನೆಲದ ಮ್ಯಾಲ ಕುಂತ್ರ, ಬರೇ ಅವಂದೇ ಜಪ ಏನು?"

ನಬೀಸಾಬ ಅವಳ ಮುಖ ನೋಡಿದ. ಮೀಸೆಯ ಅಡಿಯಲ್ಲಿ ನಗು ಹರಿದಾಡಿತು. "ಸವತಿ ಬಂದಾಳ ಅನ್ನಂಗ ಮಾರಿ ಮಾಡೀದಿ. ಇಷ್ಟು ವರ್ಷ ನಾ ತರಲಿಲ್ಲ ಸವತಿ. ನಿನ್ನ ಲೈಬ್ರರಿ ತಂತು ನೋಡು."

ಮುನವ್ವರ ತಟ್ಟೆ ಸರಿಸಿ ಎದ್ದಳು.

ಶನಿವಾರ ಮಹಾಮಾಯಾ ಬೀದರಿಗೆ ಹೋಗಲಿಲ್ಲ, ಊರಿಗೆ ಹೋದಳು. ಸೋಮವಾರ ಬೆಳಗ್ಗೆ ಬಸ್ಸಿಳಿದು ನೇರವಾಗಿ ಲೈಬ್ರರಿಗೆ ಬಂದಳು. ಚಪ್ಪಲಿಗೆ ಹೊಲದ ಕೆಸರು ಹಾಗೇ ಇತ್ತು.

"ಬೆಳಗಾಗೋದ್ರಾಗ ಬಾಬಾನ ಕೂಡ ಹೊಲಕ್ಕ ಹೋಗಿದ್ದೆ ರಿ. ಚಿಗರಿ ಬಂದಿದ್ದುವು. ಖರೇ, ಏನ್ ನೋಡಬೇಕು ಅನ್ನೋದೇ ತಿಳೀಲಿಲ್ಲ. ಬಾಯಿ ನೋಡ್ಲೋ, ಹೆಜ್ಜಿ ನೋಡ್ಲೋ? ಬುಕ್ಕು ಮೊದಲ ಓದಿದ್ರ ತಿಳೀತಿತ್ತು. ಬಂತೇನ್ರಿ?"

"ಇಲ್ಲ. ಇನ್ನೂ ಬಂದಿಲ್ಲ."

"ಮೇಳ ಮುಂದಿನ ವಾರಾನೇ ಅದರಿ ಮೇಡಂ."

"ಗೊತ್ತದ ನನಗ!" ಎಂದು ಗದರಿದಳು ಮುನವ್ವರ. ಆ ಕೋಣೆಯಲ್ಲಿ ಮಹಾಮಾಯಾ ಗದರಿಸಿಕೊಂಡದ್ದು ಅದೇ ಮೊದಲು. ಹುಡುಗಿ ಬೆದರಿ ಹೊರಗೆ ಹೋದಳು.

ಭಾಲ್ಕಿಯ ಅಂಗಡಿಗಳಲ್ಲಿ ಮುನವ್ವರ ಆಗಲೇ ಹುಡುಕಿ ಮುಗಿಸಿದ್ದಳು. ಮರುದಿನ ರಜೆ ಹಾಕಿ ಬೀದರಿನ ಬಸ್ಸು ಹತ್ತಿದಳು. ಏರು ಹತ್ತುತ್ತಿದ್ದಂತೆ ಕರಿ ನೆಲ ಹಿಂದೆ ಸರಿದು ಕೆಂಪು ನೆಲ ಬಂತು. ಬೀದರಿನಲ್ಲಿ ಸಿಕ್ಕ ಅಂಗಡಿಯನ್ನೆಲ್ಲ ಹೊಕ್ಕು ಬಂದಳು. ಎಲ್ಲಿ ನೋಡಿದರೂ ಪರೀಕ್ಷೆಯ ಗೈಡುಗಳು. "ಚಿಗರಿದಾ?" ಎಂದು ಒಬ್ಬ ಅಂಗಡಿಯವ ಅವಳನ್ನು ಮೇಲಿಂದ ಕೆಳಗೆ ನೋಡಿದ. "ಅದು ಯಾವ ಪರೀಕ್ಷಾಕ್ಕ ಬರ್ತದ್ರಿ?"

ಕೊನೆಗೆ ಉಳಿದದ್ದು ಆ ಒಂದೇ ಬಾಗಿಲು. ಆಟೋದಿಂದ ಇಳಿದು ಅವಳು ಬೀದರಿನ ಸಾಲೆಯ ಲೈಬ್ರರಿಯ ಹೊಸ್ತಿಲ ಮೇಲೆ ನಿಂತಾಗ, ತೆಳ್ಳನೆಯ ಹುಡುಗನೊಬ್ಬ ಮೊಣಕಾಲೂರಿ ಕೆಳಗಿನ ಸಾಲಿನ ಪುಸ್ತಕ ಜೋಡಿಸುತ್ತಿದ್ದ.

"ಮುನವ್ವರ ಮೇಡಂ ಅಲ್ರಿ? ಬರ್ರಿ, ಬರ್ರಿ!" ಎಂದು ಎದ್ದ. ಅಂಗಿಯ ಮೇಲೆಲ್ಲ ಧೂಳು. ಒಳಗಿಂದ ಒಂದು ಕುರ್ಚಿ ತಂದು ಹಾಕಿದ. ಅದರ ಕಾಲು ಮುರಿದಿರಲಿಲ್ಲ.

ಕೂತ ಮುನವ್ವರ ಕೋಣೆಯನ್ನು ಸೊಸೆಯ ಅಡುಗೆಮನೆ ನೋಡುವ ಅತ್ತೆಯ ಹಾಗೆ ನೋಡಿದಳು. ಬಾಗಿಲಿಲ್ಲದ ಕಪಾಟು. ಬೆನ್ನು ಕಿತ್ತ ಪುಸ್ತಕಗಳು. ಭೂಗೋಳದ ನಡುವೆ ಅಡುಗೆಯ ಪುಸ್ತಕ. ನೋಡಿದಷ್ಟೂ ಮನಸ್ಸಿಗೆ ಸಮಾಧಾನವಾಯಿತು. ಆಮೇಲೆ ಕಣ್ಣು ಗೋಡೆಗೆ ಹೋಯಿತು. ಅಲ್ಲಿ ಮಕ್ಕಳು ತಮ್ಮ ತಮ್ಮ ಪ್ರಶ್ನೆ ಬರೆದು ಅಂಟಿಸಿದ್ದರು. 'ಚಿಗರಿ ನೀರು ಕುಡಿಯುತ್ತದೋ ಇಲ್ಲವೋ?' ಮಹಾಮಾಯಾಳ ಆ ದುಂಡನೆಯ ಅಕ್ಷರ ತಾನೇ ತಿದ್ದಿಸಿದ್ದು. ಅದರ ಕೆಳಗೆ ಬೇರೆ ಮಕ್ಕಳು ತಮಗೆ ತೋಚಿದ್ದನ್ನು ಬರೆದಿದ್ದರು. ಒಬ್ಬ, ಅಷ್ಟೂರು ಹಳ್ಳಿಯ ಹತ್ತಿರ ಕುಡಿಯೋದು ನಮ್ಮಜ್ಜ ನೋಡ್ಯಾನ ಎಂದು. ಇನ್ನೊಬ್ಬಳು, ಹುಲ್ಲಿನ ಮೇಲಿನ ಇಬ್ಬನಿ ನೆಕ್ಕಬಹುದು ಎಂದು. ಪ್ರಶ್ನೆಯನ್ನು ಗೋಡೆಗೆ ಹಚ್ಚಿ ಊರಿಗೆಲ್ಲ ಹಂಚಬಹುದೆಂದು ಇಷ್ಟು ವರ್ಷ ಅವಳಿಗೆ ಹೊಳೆದಿರಲಿಲ್ಲ. ಸಮಾಧಾನ ಅಲ್ಲಿಗೆ ಮುಗಿಯಿತು.

"ಆ ಚಿಗರಿ ಬುಕ್ಕು..." ಎಂದಳು.

"ತಗದು ಇಟ್ಟಿದ್ದೆ ರಿ ಮೇಡಂ. ನಿಮ್ಮ ಚೀಟಿ ಬರ್ತದಂತ ದಾರಿ ನೋಡಿದೆ, ಬರಲಿಲ್ಲ. ಶನಿವಾರ ಹುಡುಗಿನೂ ಬರಲಿಲ್ಲ. ಬ್ಯಾಡಾಗಿರಬೇಕು ಅಂದ್ಕೊಂಡೆ. ಸೋಮವಾರ ನಮ್ಮ ಸೊಹೇಲ ಕೇಳ್ದ, ಕೊಟ್ಟೆ. ಜನವಾಡದಿಂದ ಬರ್ತಾನ. ಅವಂದೂ ಮೇಳದಾಗ ಅದ." ಸುಶೀಲಕುಮಾರ ಅವಳ ಮುಖ ನೋಡಿ ಗಾಬರಿಯಾದ. "ಬೇಕಂದ್ರ ಈಗೇ ತರಸ್ತೀನಿ ರಿ. ಏಳನೇ ವರ್ಗದಾಗ ಕುಂತಾನ, ಬುಕ್ಕು ಚೀಲದಾಗೇ ಇರ್ತದ. ಕೇಳಿದ್ರ ಕೊಡ್ತಾನ."

ಒಂದು ಹ್ಞೂ ಅಂದರೆ ಸಾಕಿತ್ತು. ಸಂಜೆಯ ಹೊತ್ತಿಗೆ ಭಾಲ್ಕಿ ಮುಟ್ಟಿ, ತಗೋ, ಗೋಂದು ಒಣಗಿತು ನೋಡು, ಎಂದುಬಿಡಬಹುದಿತ್ತು. ಹುಡುಗಿಗೆ ಏನೂ ಗೊತ್ತಾಗುತ್ತಿರಲಿಲ್ಲ.

"ಓದಲತ್ತಾನೇನು ಅವ?"

"ಬೆಳಿಗ್ಗಿ ಬಂದು ಅರ್ಧಾ ಕಥಿ ನನಗೇ ಹೇಳಿ ಹೋದ್ರಿ."

"ಹಂಗಾದ್ರ ಬ್ಯಾಡ. ಓದೋರ ಕೈಯಾಗಿಂದ ಬುಕ್ಕು ಕಸಕೋಬಾರದು."

ಬಾಯಿ ತನ್ನ ಇಷ್ಟು ವರ್ಷದ ರೂಢಿಗೆ ಆ ಮಾತಾಡಿತ್ತು. ಆಡಿದ ಕೂಡಲೇ ಮುನವ್ವರಳಿಗೆ ನಾಲಿಗೆ ಕಚ್ಚಿಕೊಳ್ಳುವಷ್ಟು ಪಶ್ಚಾತ್ತಾಪವಾಯಿತು. ಆದರೆ ಈ ಹುಡುಗನ ಎದುರು ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳುವುದಕ್ಕಿಂತ ಖಾಲಿ ಕೈಯಲ್ಲಿ ಹೋಗುವುದೇ ಮೇಲೆನಿಸಿತು.

"ಶನಿವಾರ ಹುಡುಗೀನ ಕಳಸ್ರಿ ಮೇಡಂ," ಎಂದ ಅವನು. "ಸೊಹೇಲಗೂ ಬರ್ಲಿಕ್ಕ ಹೇಳ್ತೀನಿ. ಇಬ್ಬರೂ ಕೂಡಿ ನೋಡ್ಲಿ."

ಮರುದಿನ ಮಧ್ಯಾಹ್ನದ ಬಿಡುವಿನಲ್ಲಿ ಮಹಾಮಾಯಾ ಬಂದಳು. ಗದರಿಸಿಕೊಂಡ ನೆನಪಿಗೆ ಬಾಗಿಲಲ್ಲೇ ನಿಂತಳು. ಮುನವ್ವರ ಒಳಗೆ ಕರೆದು ಎದುರಿಗೆ ಕೂರಿಸಿಕೊಂಡಳು.

"ಆ ಬುಕ್ಕು ಬೈಂಡಿಂಗಿಗಿ ಹೋಗಿಲ್ಲ. ನಮ್ಮ ಹತ್ರ ಇಲ್ಲೇ ಇಲ್ಲ. ಎಂದೂ ಇರಲಿಲ್ಲ."

ಹುಡುಗಿಗೆ ತಕ್ಷಣ ಅರ್ಥವಾಗಲಿಲ್ಲ. "ಮತ್ತ ಚಾಚಾ ರಟ್ಟು ಹಚ್ಚೀನಿ ಅಂದ್ರು?"

"ನಾ ಹೇಳಿದ ಸುಳ್ಳಿಗಿ ಚಾಚಾನೂ ಒಂದು ರಟ್ಟು ಹಚ್ಚಿದ್ರು."

ಮಹಾಮಾಯಾ ನಗಲಿಲ್ಲ. "ನಾ ಶನಿವಾರ ಬೀದರಕ್ಕ ಹೋಗ್ತಿದ್ದೆ ರಿ. ನೀವು ಅದ ಅಂದ್ರಿ ಅಂತ ಹೋಗಲಿಲ್ಲ."

"ಹೌದು."

"ಯಾಕ ಹಂಗಂದ್ರಿ?"

ಮುನವ್ವರ ಮೇಜಿನ ಮೇಲಿನ ಪುಸ್ತಕವೊಂದನ್ನು ಆ ಕಡೆಯಿಂದ ಈ ಕಡೆಗೆ ಇಟ್ಟಳು. "ನೀ ಅಲ್ಲಿಗೇ ಹೋಗಿಬಿಡ್ತೀದಿ ಅನ್ನಿಸ್ತು," ಎಂದಳು.

"ಎಲ್ಲಿಗಿ? ಬೀದರಕ್ಕಾ?" ಹುಡುಗಿಯ ಹುಬ್ಬು ಗಂಟಾಯಿತು. "ಸಂಜಿಕ ವಾಪಸ್ ಬರ್ಲಿಕ್ಕ ಬಸ್ ಇರ್ತದಲ್ರಿ!"

ಅಷ್ಟು ಹೇಳಿ ಎದ್ದು ಹೋದಳು. ಆಮೇಲೆ ಲೈಬ್ರರಿಯ ಕಡೆ ಸುಳಿಯಲಿಲ್ಲ. ಶುಕ್ರವಾರದ ಲೈಬ್ರರಿ ಪಿರಿಯಡ್ಡಿಗೂ ಹೊಟ್ಟೆನೋವೆಂದು ವರ್ಗದಲ್ಲೇ ಉಳಿದಳು. ಕಿಟಕಿಯಾಚೆ ಅವಳ ಎರಡು ಜಡೆ ಹಾದುಹೋದಾಗ ಮುನವ್ವರ ಕೈಯ ಕೆಲಸ ಬಿಟ್ಟು ನೋಡುತ್ತಿದ್ದಳು. ಬೀದರದ ಸರ್ ಎಂಬ ಮಾತನ್ನಾದರೂ ಬಂದು ಆಡಲಿ ಎನ್ನುವಷ್ಟು ಆ ಕೋಣೆ ಬಣಗುಟ್ಟುತ್ತಿತ್ತು.

ಶನಿವಾರ ಸಾಲೆ ಬಿಟ್ಟ ಕೂಡಲೇ ಅವಳೇ ಹಾಸ್ಟೆಲಿಗೆ ಹೋದಳು. ವಾರ್ಡನ್ ಕೇಶರಬಾಯಿಗೆ ಹೇಳಿ, ಹುಡುಗಿಯ ಚೀಲ ತಾನೇ ಎತ್ತಿಕೊಂಡು, "ನಡಿ, ಬಸ್ ಹೋಗ್ತದ," ಎಂದಳು. ಮಹಾಮಾಯಾ ಬಂದಳು. ದಾರಿಯುದ್ದಕ್ಕೂ ಮುಖ ಕಿಟಕಿಯ ಕಡೆಗೇ ಇತ್ತು. ಬಸ್ಸು ಏರು ಹತ್ತುವಾಗ ಮಾತ್ರ, ತಿರುಗದೆಯೇ ಕೇಳಿದಳು.

"ನೀವು ಬುಕ್ಕು ತರ್ಲಿಕ್ಕ ಬೀದರಕ್ಕ ಹೋಗಿದ್ರಿ ಅಂತ. ಚಾಚಾ ಹೇಳಿದ್ರು. ಖರೇನಾ?"

"ಖರೇ."

"ಯಾಕ ತರಲಿಲ್ಲ?"

"ಇನ್ನೊಬ್ಬ ಓದಲತ್ತಿದ್ದ."

"ಹಂಗಾದ್ರ ಹ್ಯಾಂಗ ತರ್ತೀರಿ," ಎಂದಳು ಹುಡುಗಿ, ತನಗೇ ಹೇಳಿಕೊಂಡಂತೆ. ಚೀಲದಿಂದ ಒಂದು ಹಿಡಿ ಹುರಿದ ಶೇಂಗಾ ತೆಗೆದು ಅರ್ಧ ಮುನವ್ವರಳ ಅಂಗೈಗೆ ಹಾಕಿದಳು. ಮುಖ ಮಾತ್ರ ಕಿಟಕಿಯ ಕಡೆಗೇ ಇತ್ತು.

ಲೈಬ್ರರಿಯಲ್ಲಿ ಸೊಹೇಲ ಎಂಬ ಆ ಪುಟ್ಟ ಹುಡುಗ ಪುಸ್ತಕವನ್ನು ಎದೆಗವಚಿಕೊಂಡೇ ಕಾದಿದ್ದ. ಇಬ್ಬರೂ ನೆಲದ ಮೇಲೆ ಕೂತು ಪುಟ ತೆರೆದರು. ಗಳಿಗೆಯೊಳಗೆ ಜಗಳ ಹತ್ತಿತು.

"ನೋಡು, ಕುಡಿತಾವ ಅಂತ ಬರದಾರ."

"ನಮ್ಮ ಬಾಬಾ ದಿನಾ ಹೊಲಕ್ಕ ಹೋಗ್ತಾರ. ಒಮ್ಮಿನೂ ನೋಡಿಲ್ಲ."

"ನಿಮ್ಮ ಬಾಬಾ ಏಳೋದ್ರಾಗ ಅವು ಕುಡ್ದು ಹೋಗಿರ್ತಾವ."

"ಏ, ನಮ್ಮ ಬಾಬಾಗ ನಿದ್ದಿಬುರುಕ ಅಂತೀದಿ? ಹಳ್ಳದ ದಂಡೀಗಿ ಹೆಜ್ಜಿ ಬೀಳಬೇಕಲ್ಲ ಮತ್ತ? ನಾಳಿ ಊರಿಗಿ ಹೋಗಿ ನಾ ಹೆಜ್ಜಿನೇ ನೋಡ್ತೀನಿ. ತಿರುವು, ಹೆಜ್ಜಿ ಚಿತ್ರ ಎಲ್ಲಿ ಅದ?"

ಎರಡು ತಲೆಗಳು ಪುಸ್ತಕದ ಮೇಲೆ ಬಾಗಿದವು. ಬೀದರದ ಸರ್, ಭಾಲ್ಕಿಯ ಮೇಡಂ ಇಬ್ಬರೂ ಅಲ್ಲಿದ್ದಾರೆಂಬುದೇ ಅವಕ್ಕೆ ಮರೆತಿತ್ತು. ಸುಶೀಲಕುಮಾರ ಅವಳತ್ತ ನೋಡಿ ನಕ್ಕ. ಮುನವ್ವರಳಿಗೆ ನಗು ಬರಲಿಲ್ಲ. ಆದರೆ ಆ ಹುಡುಗನನ್ನು ಕಪಾಟಿನ ಹಿಂದಕ್ಕೆ ಕರೆದಳು.

"ಕೇಳ್ರಿ ಇಲ್ಲಿ. ಈಕಿ ಇನ್ನ ಮುಂದನೂ ಬರಾಕಿ. ಸಣ್ಣ ಅಕ್ಷರದ ಬುಕ್ಕು ಸಂಜಿಕ ಕೊಡಬ್ಯಾಡ್ರಿ, ತಲಿ ಹಿಡ್ಕೋತಾಳ. ತಿಳೀಲಿಲ್ಲಂದ್ರ ಬಾಯಿಬಿಟ್ಟು ಕೇಳಲ್ಲ, ಅದೇ ಪುಟ ಹಿಂದ ಮುಂದ ತಿರುವತಾಳ. ಆವಾಗ ಹತ್ತಿರ ಹೋಗಿ ಪಾಠ ಮಾಡಬ್ಯಾಡ್ರಿ. ಅದೇ ಮಾತಿಂದು ಸರಳ ಬುಕ್ಕು ಒಂದು ಬಾಜೂಕ ಇಟ್ಟು ಬಂದ್ಬಿಡ್ರಿ. ಕೊನೀ ಪುಟ ಮೊದಲ ಓದ್ತಾಳ, ಬೈಬ್ಯಾಡ್ರಿ. ತಡವರಿಸಿದ್ಲು ಅಂದ್ರ ಮರಾಠಿದಾಗ ಹೇಳು ಅನ್ರಿ, ಎಲ್ಲಾ ಹೇಳ್ತಾಳ."

ಸುಶೀಲಕುಮಾರ ಜೇಬಿನ ಪೆನ್ನಿಗೆ ಕೈ ಹಾಕಿದ.

"ಬರಕೋಬ್ಯಾಡ್ರಿ. ನೆಪ್ಪ ಇಟ್ಕೋರಿ."

"ಆಯ್ತ್ರಿ. ಮತ್ತೇನರ ಅದೇನ್ರಿ ಮೇಡಂ?"

ಒಂದಿತ್ತು. ಪುಸ್ತಕವೊಂದು ಮನಸ್ಸಿಗೆ ಹಿಡಿಸಿತೆಂದರೆ ಮಹಾಮಾಯಾ ಅದನ್ನು ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿ, ಬೇರೆ ಪುಸ್ತಕಗಳ ಬೆನ್ನ ಹಿಂದೆ ಅಡಗಿಸಿಡುತ್ತಿದ್ದಳು. ಮರುದಿನ ತನಗೇ ಸಿಗಲೆಂದು. ಆರನೇ ವರ್ಗದಿಂದಲೂ ಅವಳಿಗೆ ಆ ಚಾಳಿ. ಮುನವ್ವರ ಅದನ್ನು ಕಂಡೂ ಕಾಣದಂತೆ, ಅಲ್ಲಿಯ ಧೂಳನ್ನು ಸದ್ದಾಗದಂತೆ ಒರೆಸಿ ಬರುತ್ತಿದ್ದಳು. ಯಾವ ಪುಸ್ತಕ ಅಲ್ಲಿದೆ ಎಂದು ನೋಡಿಯೇ ಹುಡುಗಿಯ ಮನಸ್ಸು ಈಗ ಯಾವ ಕಡೆ ಓಡುತ್ತಿದೆ ಎಂದು ತಿಳಿದುಕೊಂಡು, ಮುಂದಿನ ಪುಸ್ತಕ ತೆಗೆದಿಡುತ್ತಿದ್ದಳು.

"ಇಲ್ಲ," ಎಂದಳು ಮುನವ್ವರ ಬೇಗಂ, ಸೆರಗು ಸರಿಮಾಡಿಕೊಳ್ಳುತ್ತ. "ಅಷ್ಟೇ."

ಅದು ಬೇಕಾದರೆ ಅವನೂ ನಾಲ್ಕು ವರ್ಷ ಕಪಾಟಿನ ಬುಡದಲ್ಲಿ ಕೂತು ಧೂಳು ಒರೆಸಲಿ.